ಮೂರು ಸಿ.ಎಲ್.

ಕಾರಣ: ದ್ವೀಪ ಪ್ರವಾಸ, ಎಂದು ಬರೆದೆ.
‘ಅಂಡಮಾನಾ, ಲಕ್ಷದ್ವೀಪಾನಾ?’ ಅಂದರು ಹೆಡ್‌ಕ್ಲರ್ಕ್ ಮಾದಯ್ಯ.
‘ಇನ್ನೂ ಹತ್ತಿರ ಸಾರ್.’

ಹನ್ನೊಂದು ವರ್ಷ ಮಂಡ್ಯದಿಂದ ಮೈಸೂರಿಗೆ
ಬೆಳಗಿನ ಪ್ಯಾಸೆಂಜರಿನಲ್ಲಿ ದಾಟಿದ್ದೇನೆ ಅದನ್ನು.
ಒಂದನೇ ಸೇತುವೆಗೆ ಡಬ್ಬಿ ತೆಗೆದರೆ
ಎರಡನೇದಕ್ಕೆ ಉಪ್ಪಿಟ್ಟು ಖಾಲಿ.
ನಡುವೆ ಪಟ್ಟಣದ ಸ್ಟೇಷನ್ನು.
ಒಮ್ಮೆಯೂ ಇಳಿದವಳಲ್ಲ.

ಇಳಿದೆ.
ನನ್ನ ಸೀಟನ್ನು ಹೊತ್ತುಕೊಂಡು ಗಾಡಿ ಹೊರಟೇ ಹೋಯಿತು.

ಗಂಜಾಮಿನಲ್ಲಿ ಜೈಬುನ್ನೀಸಾ ಟೀಚರ ಮಹಡಿ ರೂಮು.
ಇಷ್ಟು ವರ್ಷ ನಮ್ಮ ಮಾತೆಲ್ಲ
ಪಟ್ಟಣದಿಂದ ಮೈಸೂರಿನಷ್ಟೇ ಉದ್ದ.
ಹಕ್ಕಿ ಕುಕ್ಕಿ ಬಿಟ್ಟ ಎರಡು ಅಂಜೂರ ತಟ್ಟೆಗಿಟ್ಟು
‘ನಮ್ಮ ದ್ವೀಪದ್ದು’ ಅಂದರು, ನಗದೆ.

ಮಧ್ಯಾಹ್ನ ಪಶ್ಚಿಮವಾಹಿನಿಯ ಮೆಟ್ಟಿಲು.
ಆಚೆ ತಲೆ ಬೋಳಿಸಿಕೊಂಡವನೊಬ್ಬ ಬೂದಿ ಬಿಡುತ್ತಿದ್ದ.
ಈಚೆ ನಾನು, ಸೀರೆ ಮೊಣಕಾಲಿಗೆತ್ತಿ
ಒಡೆದ ಹಿಮ್ಮಡಿಯನ್ನು ಮೀನುಗಳಿಗೆ ಕೊಟ್ಟು ಕೂತೆ.
‘ಎಲ್ಲಿಂದ ಬಂದ್ರವ್ವ? ಯಾರೋದ್ರು?’
‘ಯಾರೂ ಇಲ್ಲ. ರಜೆಗೆ ಬಂದಿದೀನಿ.’
ಅವನಿಗೇನು ತೋಚಿತೋ,
ಎರಡು ಮೆಟ್ಟಿಲಾಚೆ ತಾನೂ ಕಾಲು ಇಳಿಬಿಟ್ಟ.

ಆರೂಕಾಲಿಗೆ ಸೇತುವೆ ಗಡಗಡ ಅಂದಿತು.
ನನ್ನ ಕಿಟಕಿಯಲ್ಲಿ ಯಾರೋ, ಕಂಬಿಗೆ ತಲೆ ಆನಿಸಿ.
ಕೈ ಬೀಸಿದೆ. ಏಳಲಿಲ್ಲ.

ಇನ್ನೂ ಎರಡು ಸಿ.ಎಲ್. ಇವೆ.