ಗುರುತಿನ ಚಿಹ್ನೆ ಎರಡು

ಏಪ್ರಿಲ್ಲಿನ ಮಧ್ಯಾಹ್ನ, ಜೋರಾಪುರ ಪೇಟೆಯ ನಮ್ಮ ಪಡಸಾಲೆಯಲ್ಲಿ
ಕರೆಂಟು ಹೋದರೂ ಲ್ಯಾಪ್‌ಟಾಪಿನೊಳಗೆ ಕಡಲು ಉಳಿದಿತ್ತು.
ಲಕ್ಷದ್ವೀಪದಿಂದ ತಂದದ್ದು: ನಾನೂರಾ ಹನ್ನೆರಡು ಶಾರ್ಕು,
ಒಂದೊಂದಕ್ಕೂ ಒಂದು ನಂಬರು, ಎಡಮಗ್ಗುಲಿನ ಫೋಟೊ,
ಮಚ್ಚೆ, ಕಲೆ, ರೆಕ್ಕೆಯಂಚಿನ ಹರಕು.

ಪೇಪರು ಓದಲು ಬಂದ ಮಲಕಪ್ಪ ಕಾಕಾ ಪಕ್ಕ ಕೂತರು.
ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಹೆಣ ಕೊಯ್ಯುವ ಕೋಣೆಯಲ್ಲಿ ಡಾಕ್ಟರು ಹೇಳಿದ್ದನ್ನು ಬರೆದವರು.
ಸಮುದ್ರ ಕಂಡವರಲ್ಲ. ಮೀನೆಂದರೆ ಬೇಗಂ ತಾಲಾಬಿನ ದಂಡೆಯಲ್ಲಿ
ಯಾರದೋ ಬುಟ್ಟಿಯೊಳಗಿನ ಮಿಡುಕಾಟ.

"ಇದಕ್ಕೂ ಮಚ್ಚಿ ಬರಕೋತೀರೇನವಾ?
ನಾವೂ ಬರೀತಿದ್ವಿ, ಗುರುತಿನ ಚಿಹ್ನೆ ಎರಡು."
ಸ್ಟೀಲಿನ ಪಟ್ಟಿ ತರಿಸಿ ಪರದೆಗೆ ಹಚ್ಚಿದರು.
ಅಳತೆಗೆ ಈ ಹಸಿರು ಚುಕ್ಕಿಗಳಿವೆ ಕಾಕಾ, ಎಂದೆ,
ನೀರೊಳಗೆ ನಾವೇ ಬಿಟ್ಟ ಬೆಳಕು,
ನಡುವೆ ಯಾವಾಗಲೂ ಐವತ್ತು ಸೆಂಟಿಮೀಟರು.
"ಭಾಳ ಛಲೋ." ಪಟ್ಟಿ ಮಾತ್ರ ಕೆಳಗಿಡಲಿಲ್ಲ.

ಎಪ್ಪತ್ತೇಳು. ಬೆನ್ನ ಮೇಲೆ ಐದು ಗೀರು, ಸಮ ಅಂತರ.
"ಸಿಟ್ಟಿನ ಕೈ ಹಿಂಗ ಸಮಾ ಬೀಳೂದಿಲ್ಲ. ಇದು ಮಷೀನು."
ಪ್ರೊಪೆಲ್ಲರು, ಎಂದು ತುಂಬಿದೆ.

ನೂರಾ ಮೂರು. "ಇದು ಹಲ್ಲು."
ಹೌದು, ಕೂಡುವಾಗ ಗಂಡು ಕಚ್ಚಿದ್ದು,
ಅಂದೆ ಅವರ ಮುಖ ನೋಡದೆ.
ಅವರು ಗೋಡೆಯ ಕ್ಯಾಲೆಂಡರಿಗೆ ಹೇಳಿದರು,
"ಅದನ್ನ ಬ್ಯಾರೆ ಖಾನೇಕ ಹಾಕು."

ದವಡೆಯ ಮೂಲೆಯಲ್ಲಿ ತುಕ್ಕು ಹಿಡಿದ ಗಾಳ,
ಅದರ ದಾರಕ್ಕೆ ಪಾಚಿ ಬೆಳೆದು ಗಡ್ಡದಂತೆ ತೂಗುತ್ತಿತ್ತು.
ಅಂಚು ಬಿಳಿ ಇದ್ದರೆ ಹೊಸ ಗಾಯ, ಬಣ್ಣ ಮರಳಿದ್ದರೆ ಹಳೆಯದು:
ಹೇಳಿಕೊಟ್ಟಷ್ಟರಲ್ಲಿ ನನಗಿಂತ ಬೇಗ ವಿಂಗಡಿಸತೊಡಗಿದರು.

ನೂರಾ ನಲವತ್ತು. ಕೊರಳಿಗೆ ಹಗ್ಗದ ಬಳೆ,
ಕಿವಿರಿನ ತನಕ ಮಾಂಸದೊಳಗೆ ಇಳಿದದ್ದು.
ಕಾಕಾ ಕನ್ನಡಕ ಒರೆಸಿಕೊಂಡರು.
"ಉರುಲಿನ ಗುರುತು ಕಿವಿ ಕಡೆ ಏರತೈತಿ. ಇದು ಏರಿಲ್ಲ.
ಬಿಗದವರೂ ಯಾರಿಲ್ಲ.
ಹಗ್ಗ ಇದ್ದಂಗ ಐತಿ, ಮೀನ ಬೆಳದೈತಿ."

ಆ ಮಾತಿಗೆ ನನ್ನ ಫಾರ್ಮಿನಲ್ಲಿ ಖಾನೆ ಇರಲಿಲ್ಲ.

ಸತ್ತವುಗಳ ಫೋಟೊ ಕೇಳಿದರು.
ಇಲ್ಲ ಕಾಕಾ, ಅವು ಮುಳುಗುತ್ತವೆ.
ಈಜುತ್ತ ಎದುರಾದವು ಅಷ್ಟೇ ನಮ್ಮ ಲೆಕ್ಕ.
"ಹಂಗಾದ್ರ," ಬೆರಳಿಂದ ಪಟ್ಟಿಯ ಅಂಚು ಸವರುತ್ತ,
"ನನ್ನ ಕಡೆ ಉಳದವ ಒಬ್ಬನೂ ಬರಲಿಲ್ಲ,
ನಿನ್ನ ಕಡೆ ಹೋದದ್ದು ಒಂದೂ ಬರಂಗಿಲ್ಲ.
ನಮ್ಮಿಬ್ಬರ ರಿಜಿಸ್ಟರೂ ಅರ್ಧ."

ಕರೆಂಟು ಬಂತು. ಫ್ಯಾನಿನ ಗಾಳಿಗೆ ಪೇಪರು ಮಗುಚಿ ಬಿತ್ತು.
ಅವರು ಎದ್ದವರು ಬಾಗಿಲಲ್ಲಿ ನಿಂತರು.
"ಆ ಹಗ್ಗ ಬಿಚ್ಚಿದಿರೇನು?"

ಇಲ್ಲ.
ಅದು ನಮ್ಮ ಮುಂದೆ ಇದ್ದದ್ದು
ಹನ್ನೊಂದು ಸೆಕೆಂಡು.