ಎಡಭುಜ

ಹದಿನಾಲ್ಕು ಶನಿವಾರ. ಡೆನ್ಜಿಲ್‌ನ ಹೆಸರಿನ ಮುಂದೆ ಒಂದೇ ಗೋಲು,
ಅದೂ ಯಾರದೋ ಕಾಲಿಗೆ ತಾಗಿ ಒಳಹೋದದ್ದು.

ಕೀಪರ್ ನಾನು. ಇಡೀ ಆಟ ಅವನ ಬೆನ್ನು ನೋಡುವ ಕೆಲಸ.
ಪರ್ತ್‌ನ ಈ ನೀಲಿ ಟರ್ಫಿನ ಆ ತುದಿಯಲ್ಲಿ
ಚೆಂಡು ಮುಟ್ಟುವ ಮೊದಲೇ ಅವನ ಎಡಭುಜ
ಗುಲಗಂಜಿಯಷ್ಟು ಇಳಿಯುತ್ತದೆ.
ಮೂವತ್ತು ವರ್ಷ ಯಾರೂ ಕೇಳಿಸಿಕೊಳ್ಳದ ಚಾಡಿ.
ಈಗಿನ ಹುಡುಗರು ಕಿವಿಗೊಟ್ಟೇ ನಿಲ್ಲುತ್ತಾರೆ.

"ಕಾಲು ಸೋತಿತು" ಅಂದ, ಶಿನ್‌ಪ್ಯಾಡ್ ಬಿಚ್ಚುತ್ತ,
ಅರ್ಧ ತಮಿಳು ಬೆರೆತ ತನ್ನ ಕೆಜಿಎಫ್ ಕನ್ನಡದಲ್ಲಿ.
ಕಾಲಲ್ಲ ಮಾರಾಯ, ಭುಜ.
ಹೇಳಿದೆ. ಮಾತು ಬಿಟ್ಟ.

ಗುರುವಾರ ಕತ್ತಲಲ್ಲಿ ಒಬ್ಬನೇ ಬಂದಿದ್ದಾನೆ,
ಸ್ಟಿಕ್ಕನ್ನು ಒಂದಿಂಚು ಕೊಯ್ಸಿಕೊಂಡು.
ಚೆಂಡೇ ಇಲ್ಲ.
ದೂರದ ಕಂಬಕ್ಕೆ ತಡವಾಗಿ ತಲುಪುವುದನ್ನು
ಕಲಿಯುತ್ತಿದ್ದಾನೆ, ಮತ್ತೆ ಮತ್ತೆ,
ಪಂಕ್ತಿ ಎದ್ದ ಮೇಲೆ ಬರುವ ನೆಂಟನಂತೆ.

ಶನಿವಾರ, ಸಮುದ್ರದ ಗಾಳಿ ಏಳುವ ಮೂರು ಗಂಟೆ.
ಭುಜ ಇಳಿಯಿತು. ಇಬ್ಬರು ಹುಡುಗರು ಅತ್ತ ವಾಲಿದರು.
ಚೆಂಡು ಮಾತ್ರ ಇತ್ತ, ಪುಟ್ಟ ಕೀರನ್‌ನ ಸ್ಟಿಕ್ಕಿಗೆ.
ಹಲಗೆ ಬಡಿದ ಸದ್ದು ನನ್ನವರೆಗೂ ಬಂತು.

ಪಟ್ಟಿಯಲ್ಲಿ ಡೆನ್ಜಿಲ್‌ಗೆ ಇನ್ನೂ ಒಂದೇ.
ಎಲ್ಲರೂ ಕೀರನ್‌ನ ಮೇಲೆ ಬಿದ್ದಿರುವಾಗ
ಅವನು ಹಿಂದಿರುಗಿ, ಮೈದಾನದಾಚೆಯಿಂದ,
ನನಗೊಬ್ಬನಿಗೇ
ಎಡಭುಜ ಇಳಿಸಿ ತೋರಿಸಿದ.