ಹೆಚ್ಚಿದ ಮಣಿ

ವಾರದಲ್ಲಿ ಆರು ದಿನ ನಾನು ಹಲ್ಲು ಮಾಡುತ್ತೇನೆ.
ಪುಣೆಯ ಸದಾಶಿವ ಪೇಟೆ, ಎರಡನೇ ಮಹಡಿಯ ಲ್ಯಾಬು:
ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ವಸಡು.
ನಾನು ಕಟ್ಟಿದ ನಗು ಯಾರ ಮನೆಯಲ್ಲಿ ನಗುತ್ತದೋ,
ಚೀಟಿಯಲ್ಲಿ ನಂಬರು ಮಾತ್ರ ಇರುತ್ತದೆ.

ಏಳನೆಯ ದಿನ ಭವಾನಿ ಪೇಟೆ.
ಶಬ್ಬೀರ್ ಮಣಿಯಾರರ ಗ್ಯಾರೇಜಿನಲ್ಲಿ ಈಗ ಕಾರಿಲ್ಲ,
ನೆಲದ ಮೇಲೆ ಅದರ ಎಣ್ಣೆಯ ಕಲೆ ಇದೆ.
ತಗಡು ಹೊದಿಸಿದ ಮೇಜು, ನಾಲ್ಕು ಬರ್ನರು, ಐದು ಜನ;
ಹಾಗಾಗಿ ಒಬ್ಬರು ಯಾವಾಗಲೂ ಚಹಾ ತರಲು ಹೋಗಿರುತ್ತಾರೆ.

ಮೊದಲ ಸಲ ಬಂದಾಗ ಕೇಳಿದ್ದೆ,
ಇದರಿಂದ ಏನು ಸಿಗುತ್ತದೆ?
ಸೈಕಲ್ ಪಂಪಿನಂಥ ಸಪೂರ ಹುಡುಗ ಪರಾಗ ಢಮಢೇರೆ
ಸುಟ್ಟ ಹೆಬ್ಬೆರಳನ್ನು ಎತ್ತಿ ತೋರಿಸಿದ.

ಕಡ್ಡಿಗೆ ಮಣ್ಣಿನ ತೆಳು ಅಂಗಿ ತೊಡಿಸಬೇಕು,
ಇಲ್ಲವಾದರೆ ಮಣಿ ಅದನ್ನು ಬಿಟ್ಟು ಬರುವುದಿಲ್ಲ.
ಗಾಜನ್ನು ಜ್ವಾಲೆಯ ಅಂಚಿನಲ್ಲಿ ಮೊದಲು ಮಾತಾಡಿಸಬೇಕು,
ಒಮ್ಮೆಲೇ ನಡುವಿಗೆ ನುಗ್ಗಿಸಿದರೆ ಚಟ್ಟನೆ ಸಿಡಿಯುತ್ತದೆ.
ಆಮೇಲೆ ಕೆಂಪಾಗುತ್ತದೆ, ಜೋಲುತ್ತದೆ,
ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತದೆ,
ಮಣಿಯುತ್ತದೆ.
ನಮ್ಮಲ್ಲಿ ಮಣಿ ಎಂದರೆ ಬಾಗು ಎಂದೂ ಅರ್ಥ, ಎಂದೆ.
ಖುರ್ಶೀದ್‌ಬಾಯಿ ಕನ್ನಡಕದ ಮೇಲಿಂದ ನೋಡಿದರು:
"ನಿನ್ನ ಭಾಷೆ ಬರ್ನರಿನ ಮುಂದೆ ಕೂತಿತ್ತು ಬಿಡು.
ಈಗ ತಿರುಗಿಸು. ಕೈ ನಿಂತರೆ ಅದಕ್ಕೆ ಹೊಟ್ಟೆ ಬರುತ್ತದೆ."

ದಾಳಿಂಬೆ ಕಾಳಿನಂಥದು ಮಾಡಬೇಕೆಂದಿದ್ದೆ.
ದವಡೆಹಲ್ಲು ಬಂತು.
ತಣಿಯುವಾಗ ಟಿಕ್ ಎಂದು ಅದೂ ಎರಡಾಯಿತು.
ಗಂಟಲು ಬಿಗಿಯಿತು; ಲ್ಯಾಬಿನಲ್ಲಿ ಒಡೆದದ್ದೆಲ್ಲ
ತಿಂಗಳ ಕೊನೆಗೆ ಸಂಬಳದಲ್ಲಿ ಕಾಣುತ್ತದೆ.
ಇಲ್ಲಿ ನಾಲ್ಕು ಬಾಯಿ ಒಟ್ಟಿಗೇ ಕೂಗಿದವು:
"ವಾಢಲಾ!"
ಹೆಚ್ಚಿತು, ಎಂದು.

ಬಳೆ ಒಡೆಯಿತು ಅನ್ನಬಾರದು, ಶಬ್ಬೀರ್ ಹೇಳಿದರು.
ಅಪ್ಪನ ಹಿಂದೆ ಬಳೆ ಪೆಟ್ಟಿಗೆ ಹೊತ್ತು ವಾಡೆ ವಾಡೆ ತಿರುಗಿದವರು.
ಇಲ್ಲಿನ ಹೆಂಗಸರು ಬಳೆ ಹೆಚ್ಚಿತು ಅನ್ನುತ್ತಾರೆ.
ಹೆಚ್ಚಿದ್ದಕ್ಕೆಲ್ಲ ಮೂಲೆಯಲ್ಲಿ ಒಂದು ಉಪ್ಪಿನಕಾಯಿ ಭರಣಿ,
ನನ್ನ ದವಡೆಹಲ್ಲು ಅದರೊಳಗೆ ಟಣ್ ಎಂದು ಬಿತ್ತು.
ಹಸಿರು ಬಿಟ್ಟು ಬೇರೆ ಬಣ್ಣ ಮುಟ್ಟದ
ಅಂಚೆ ಕಚೇರಿಯ ಸುಲಭಾ ಗಾಯಕವಾಡ
ಅವತ್ತು ತನ್ನ ಸರದಿಯ ಬರ್ನರನ್ನು ನನಗೆ ಕೊಟ್ಟು
ತಾನೇ ಚಹಾಕ್ಕೆ ಹೋದಳು.

ಮಣಿ ಹದ ಮಾಡುವ ಕುಲುಮೆಗೆ ನಮ್ಮಲ್ಲಿ ದುಡ್ಡಿಲ್ಲ.
ಗೋಡೆಯಾಚೆ ಬೇಕರಿ ಇದೆ.
ರಾತ್ರಿ ಪಾಳಿಯ ಇದ್ರೀಸ್ ನಮ್ಮ ಬೂದಿ ಡಬ್ಬಿಯನ್ನು
ಭಟ್ಟಿಯ ಮೂಲೆಯಲ್ಲಿ, ಕೆಂಡದ ಮಗ್ಗುಲಿಗೆ ಹೂಳಿ
"ಮಕ್ಕಳು ಮಲಗಿದವು, ಹೊರಡಿ" ಅನ್ನುತ್ತಾನೆ.
ಬೇಗ ತಣಿದ ಗಾಜು ನಂಬಿಕೆಗೆ ಅರ್ಹವಲ್ಲ.
ಹೊರಗೆ ಹೊಳೆಯುತ್ತ ತಿಂಗಳಾದ ಮೇಲೆ,
ಯಾರೂ ಮುಟ್ಟದೆ, ಡ್ರಾಯರಿನೊಳಗೆ ಬಿರಿಯುತ್ತದೆ.

ಸೋಮವಾರ ಬೆಳಗ್ಗೆ ಆರಕ್ಕೆ
ಬೇಕರಿಯ ಮೆಟ್ಟಿಲ ಮೇಲೆ ಡಬ್ಬಿ ತೆರೆಯುತ್ತೇವೆ.
ಬೂದಿಯೊಳಗೆ ಹತ್ತಾರು ಬೆರಳು.
ಇದು ನಂದು, ಅಲ್ಲ ನಿಂದು, ಈ ಹಸಿರಂತೂ ಸುಲಭಾದು,
ಈ ಚುಕ್ಕೆಯದು ಯಾರೂ ಮಾಡಿದ್ದೇ ಅಲ್ಲ!
ಬಿಸಿ ಪಾವಿನ ಮೇಲೆ ಬೂದು ಬೆರಳಚ್ಚು,
ಒರೆಸಿಕೊಳ್ಳುವಷ್ಟು ವ್ಯವಧಾನ ಯಾರಿಗೂ ಇಲ್ಲ.

ಹೋದ ವಾರ ಇದ್ರೀಸ್ ಒಂದು ಕೇಳಿದ, ಟ್ರಂಕಿನ ಕೀಲಿಗೆ.
ಚೆಂದದವನ್ನು ಸಾಲಾಗಿ ಮುಂದಿಟ್ಟೆವು.
ಅವನು ಅವುಗಳನ್ನು ಸರಿಸಿ, ಹಿಟ್ಟಿನ ಕೈ ಒರೆಸಿಕೊಂಡು,
"ಕೊಡಬೇಡಿ, ಕಲಿಸಿ" ಎಂದ.

ಲ್ಯಾಬು ಸೇರಿದಾಗ ಹತ್ತು ನಿಮಿಷ ತಡ.
ಉಗುರಿನಲ್ಲಿ ಏನದು, ಮಾಲೀಕರು ಕೇಳಿದರು.
ಬೂದಿ, ಎಂದೆ.
ಅವರು ದನಿ ತಗ್ಗಿಸಿದರು:
ಅಯ್ಯೋ, ಮನೆಯಲ್ಲಿ ಯಾರಿಗೆ ಏನಾಯಿತು?

ಏನಿಲ್ಲ ಸರ್.
ಐದು ಜನ ಇದ್ದೆವು, ಆರಾದೆವು.